ಸೂತ್ರ ಬರೆಯುವ ವಿದ್ಯೆ

ಶಾಲೆಯಲ್ಲಿ ಕಲಿತುದರಲ್ಲಿ ಬಹುಭಾಗವು ಪರೀಕ್ಷೆ ಮುಗಿದ ಕೆಲವೇ ದಿನಗಳಲ್ಲಿ ಮನಸ್ಸನ್ನು ಬಿಟ್ಟುಹೋಗುವುದು ಲೋಕಾನುಭವವಾದರೂ, ಎಲ್ಲೋ ಕೆಲವು ಸಂಗತಿಗಳು ಮಾತ್ರ, ಕಲಿಸಿದವರ ಧ್ವನಿಯನ್ನೂ ಕರಿಹಲಗೆಯ ಮೇಲಿನ ಅವರ ಕೈಬರಹವನ್ನೂ ಸಂಗಡ ಕರೆದುಕೊಂಡು, ಜೀವಮಾನವೆಲ್ಲ ನಮ್ಮ ಜೊತೆಯಲ್ಲಿ ನಡೆದುಬರುತ್ತವೆ. ನನ್ನ ಪಾಲಿಗೆ ಅಂಥ ಒಂದು ಸಂಗತಿಯೆಂದರೆ, ಅಯಾನಿಕ ಸಂಯುಕ್ತಗಳ ಸೂತ್ರವನ್ನು ಅವುಗಳ ಧನಾವೇಶ ಋಣಾವೇಶಗಳನ್ನು ಸಮಗೊಳಿಸಿ ಬರೆಯುವ ಕ್ರಮ. ಕೇಳಿದವರಿಗೆ ಇದು ಅತ್ಯಲ್ಪವಾಗಿ ಕಾಣಬಹುದು; ಪ್ರೌಢಶಾಲೆಯ ಪಠ್ಯಪುಸ್ತಕದಲ್ಲಿ ಅದಕ್ಕೆ ದೊರೆಯುವ ಸ್ಥಳವು ಎರಡು ಮೂರು ಪುಟಗಳನ್ನು ಮೀರಿದುದಲ್ಲ. ಆದರೂ, ಮುಂದೆ ನಾನೇ ಉಪಾಧ್ಯಾಯನಾಗಿ ಮಲೆನಾಡಿನ ಊರೂರುಗಳಲ್ಲಿ ರಸಾಯನಶಾಸ್ತ್ರದ ಪಾಠ ಹೇಳಿ, ಈಗ ನಿವೃತ್ತನಾಗಿ ಕುಳಿತು ಹಿಂದಿನದನ್ನು ನೆನೆಯುವಾಗ, ಆ ಶಾಸ್ತ್ರದ ಬಾಗಿಲು ನನಗೆ ತೆರೆದುದು ಆ ಎರಡು ಮೂರು ಪುಟಗಳಲ್ಲಿಯೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ನಾವು ಪ್ರೌಢಶಾಲೆಯನ್ನು ಸೇರಿದುದು ಐವತ್ತರ ದಶಕದ ಆದಿಯಲ್ಲಿ. ಅಡಿಕೆಯ ತೋಟಗಳ ನಡುವಿನ ಮನೆಗಳಿಂದ, ಹಳ್ಳ ದಾಟಿ, ಗುಡ್ಡ ಹತ್ತಿ ಇಳಿದು ಬರುತ್ತಿದ್ದ ಹುಡುಗರು ನಾವು. ಕಂಠಪಾಠವು ನಮಗೆ ಹೊಸದಾಗಿರಲಿಲ್ಲ. ಮನೆಯಲ್ಲಿ ಅಮರಕೋಶದ ವರ್ಗಗಳನ್ನೂ ಮಗ್ಗಿಯನ್ನೂ ಸಾಯಂಕಾಲದ ದೀಪದ ಮುಂದೆ ಒಪ್ಪಿಸಿ ಬೆಳೆದವರಾದುದರಿಂದ, ರಸಾಯನಶಾಸ್ತ್ರದ ಸೂತ್ರಗಳ ಪಟ್ಟಿಯನ್ನು ಕೈಗಿತ್ತು ಬಾಯಿಗೆ ತಂದುಕೊಳ್ಳಿರೆಂದಾಗ ಯಾರೂ ಬೆದರಲಿಲ್ಲ. ಉಪ್ಪಿಗೆ ಸೋಡಿಯಂ ಒಂದು, ಕ್ಲೋರಿನ್ ಒಂದು. ಕ್ಯಾಲ್ಸಿಯಂ ಕ್ಲೋರೈಡಿಗೆ ಕ್ಯಾಲ್ಸಿಯಂ ಒಂದು, ಕ್ಲೋರಿನ್ ಎರಡು. ಹೀಗೆ ರಾಗವಾಗಿ ಹೇಳಿಕೊಂಡು ಹೋಗುತ್ತಿದ್ದೆವು. ಒಂದಕ್ಕೆ ಒಂದೇ ಏಕೆ, ಮತ್ತೊಂದಕ್ಕೆ ಎರಡು ಏಕೆ ಎಂದು ನಾವು ಕೇಳಲೂ ಇಲ್ಲ, ಯಾರೂ ಹೇಳಲೂ ಇಲ್ಲ. ಕಂಠಪಾಠವನ್ನು ನಾನು ಇಂದಿಗೂ ಹೀಗಳೆಯುವವನಲ್ಲ. ಮಗ್ಗಿಯನ್ನೂ ನಿಘಂಟನ್ನೂ ನೆನಪಿನಲ್ಲಿ ಇಟ್ಟುಕೊಂಡವನಿಗೆ ಅವು ಆಯುಷ್ಯವಿಡೀ ಉಪಕಾರ ಮಾಡುತ್ತವೆ. ಆದರೆ ಕಾರಣದಿಂದ ಹುಟ್ಟುವ ವಸ್ತುವನ್ನು ಕಾರಣವಿಲ್ಲದೆ ನೆನಪಿನಲ್ಲಿಡುವ ಶ್ರಮವು ವ್ಯರ್ಥವೆಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯ ವರ್ಷಕ್ಕೆ ವರ್ಗವಾಗಿ ಬಂದ ವಿಜ್ಞಾನದ ಮೇಷ್ಟರು ಮೊದಲನೆಯ ಪಾಠದಲ್ಲಿಯೇ ನಮ್ಮ ಪಟ್ಟಿಯನ್ನು ಪರೀಕ್ಷಿಸಿದರು. ನಾವು ಉತ್ಸಾಹದಿಂದ ಒಪ್ಪಿಸಿದೆವು. ಅವರು ಸಾವಧಾನವಾಗಿ ಎಲ್ಲವನ್ನೂ ಕೇಳಿ, "ಅಲ್ಯೂಮಿನಿಯಂ ಸಲ್ಫೈಡಿನ ಸೂತ್ರ ಹೇಳಿ ನೋಡೋಣ" ಎಂದರು. ತರಗತಿಯು ನಿಶ್ಶಬ್ದವಾಯಿತು. ಮುಂದಿನ ಬೆಂಚಿನವನೊಬ್ಬನು ಎದ್ದುನಿಂತು, "ಅದು ಪಟ್ಟಿಯಲ್ಲಿ ಇಲ್ಲ ಸಾರ್" ಎಂದನು. ಮೇಷ್ಟರು ಗದರಲಿಲ್ಲ. "ಹೌದಪ್ಪಾ, ಇಲ್ಲ. ಆ ಪಟ್ಟಿ ಬರೆದವರಿಗೆ ಹೇಳಿಕೊಟ್ಟವರು ಯಾರು?" ಎಂದು ಕೇಳಿ, ಸೀಮೆಸುಣ್ಣವನ್ನು ಕೈಗೆತ್ತಿಕೊಂಡು, ಹಲಗೆಯ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆಯನ್ನೆಳೆದರು. ಎಡಕ್ಕೆ ಧನ, ಬಲಕ್ಕೆ ಋಣ. ಸೋಡಿಯಂ, ಪೊಟಾಸಿಯಂಗಳ ತಲೆಯ ಮೇಲೆ ಒಂದು ಧನಚಿಹ್ನೆ; ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ಮೇಲೆ ಎರಡು; ಅಲ್ಯೂಮಿನಿಯಂ ಮೇಲೆ ಮೂರು. ಬಲಗಡೆ ಕ್ಲೋರೈಡಿಗೆ ಒಂದು ಋಣಚಿಹ್ನೆ, ಆಕ್ಸೈಡು, ಸಲ್ಫೈಡುಗಳಿಗೆ ಎರಡು, ನೈಟ್ರೈಡಿಗೆ ಮೂರು. ಪರಮಾಣುವಿನಲ್ಲಿ ಬೀಜಕೇಂದ್ರದ ಧನಾವೇಶವೂ ಸುತ್ತಲಿನ ಎಲೆಕ್ಟ್ರಾನುಗಳ ಋಣಾವೇಶವೂ ಸಮವಾಗಿರುತ್ತವೆಂದೂ, ಹನ್ನೊಂದು ಎಲೆಕ್ಟ್ರಾನುಗಳಿರುವ ಸೋಡಿಯಂ ಅವುಗಳಲ್ಲಿ ಒಂದನ್ನು ಬಿಟ್ಟುಕೊಟ್ಟು ಧನ ಅಯಾನಾಗುತ್ತದೆಂದೂ, ಹದಿನೇಳು ಇರುವ ಕ್ಲೋರಿನ್ ಒಂದನ್ನು ಪಡೆದು ಋಣ ಅಯಾನಾಗುತ್ತದೆಂದೂ ವಿವರಿಸಿ, "ನೆನಪಿನಲ್ಲಿ ಇಡಬೇಕಾದುದು ಈ ಚಿಹ್ನೆಗಳು ಮಾತ್ರ. ಮಿಕ್ಕುದನ್ನು ನೀವೇ ಹುಟ್ಟಿಸಬಲ್ಲಿರಿ" ಎಂದರು. ಹತ್ತು ಧನ ಅಯಾನುಗಳನ್ನೂ ಹತ್ತು ಋಣ ಅಯಾನುಗಳನ್ನೂ ಬಲ್ಲವನು ನೂರು ಸೂತ್ರಗಳನ್ನು ಬಲ್ಲನೆಂಬ ಲೆಕ್ಕ ಅಂದು ನಮಗೆ ಹೊಳೆದಾಗ ಆದ ಸಂತೋಷವನ್ನು ಈಗ ವರ್ಣಿಸುವುದು ಕಷ್ಟ.

ಮರುದಿನ ಅವರು ಅಡಿಕೆಯ ಹಾಳೆಯನ್ನು ಕತ್ತರಿಸಿ ಮಾಡಿದ ತುಂಡುಗಳ ಒಂದು ಚೀಲವನ್ನೇ ತಂದರು. ನಮ್ಮ ಕಡೆ ಹಾಳೆಗೆ ಬರವಿಲ್ಲ. ನೆನೆಸಿದ ಹಾಳೆಯು ಕತ್ತರಿಗೆ ಸುಲಭವಾಗಿ ಒಗ್ಗುವುದಲ್ಲದೆ, ಒಣಗಿದ ಮೇಲೆ ಗಟ್ಟಿಯಾಗಿಯೂ ನಿಲ್ಲುತ್ತದೆ. ಧನ ಅಯಾನಿನ ತುಂಡಿಗೆ, ಆವೇಶವೆಷ್ಟೋ ಅಷ್ಟು ಹಲ್ಲು. ಋಣ ಅಯಾನಿನ ತುಂಡಿಗೆ, ಆವೇಶವೆಷ್ಟೋ ಅಷ್ಟು ಕಚ್ಚು. ಯಾವ ಹಲ್ಲೂ ಹೊರಗೆ ಉಳಿಯಬಾರದು, ಯಾವ ಕಚ್ಚೂ ಬರಿದಾಗಿರಬಾರದು, ನಿಯಮವಿದ್ದುದು ಇಷ್ಟೇ. ಸೋಡಿಯಂ ತುಂಡು ಕ್ಲೋರಿನಿನ ತುಂಡಿನಲ್ಲಿ ಒಡನೆಯೇ ಕುಳಿತಿತು. ಕ್ಯಾಲ್ಸಿಯಂನ ಎರಡು ಹಲ್ಲುಗಳಿಗೆ ಎರಡು ಕ್ಲೋರಿನ್ ತುಂಡುಗಳು ಬೇಕಾದವು. ಅಲ್ಯೂಮಿನಿಯಂನ ಸರದಿ ಬಂದಾಗ ಮೇಷ್ಟರು ಹಿಂದೆ ಸರಿದು ನಿಂತು, ತುಂಡುಗಳನ್ನು ನಮ್ಮ ಕೈಗೇ ಬಿಟ್ಟರು. ಮೂರು ಹಲ್ಲಿನ ತುಂಡಿಗೆ ಎರಡು ಕಚ್ಚಿನ ಆಕ್ಸಿಜನ್ನನ್ನು ಸೇರಿಸಿದರೆ ಒಂದು ಹಲ್ಲು ಹೊರಗುಳಿಯಿತು. ಇನ್ನೊಂದು ಆಕ್ಸಿಜನ್ನನ್ನು ತಂದರೆ ಒಂದು ಕಚ್ಚು ಬರಿದಾಯಿತು. ಮತ್ತೊಂದು ಅಲ್ಯೂಮಿನಿಯಂ ತಂದರೆ ಎರಡು ಹಲ್ಲು ಹೊರಗೆ ನಿಂತವು. ಮೂರನೆಯ ಆಕ್ಸಿಜನ್ನಿನಲ್ಲಿ ಅವೂ ಅಡಗಿ, ಅಂಚು ಸಮನಾದ ಒಂದು ಪಟ್ಟಿಯು ಮೇಜಿನ ಮೇಲೆ ಸಿದ್ಧವಾಯಿತು. ಅಲ್ಯೂಮಿನಿಯಂ ಎರಡು, ಆಕ್ಸಿಜನ್ ಮೂರು. ಮೂರು ಮತ್ತು ಎರಡರ ಲ.ಸಾ.ಅ. ಆರು ಎಂದು ಗಣಿತದ ತರಗತಿಯಲ್ಲಿ ಯಾಂತ್ರಿಕವಾಗಿ ಮಾಡುತ್ತಿದ್ದ ಲೆಕ್ಕಕ್ಕೆ, ಆರು ಹಲ್ಲು ಆರು ಕಚ್ಚುಗಳ ರೂಪದಲ್ಲಿ, ಅಲ್ಲಿ ಒಂದು ದೇಹ ಬಂದಿತ್ತು. ಸಲ್ಫೈಡಿಗೂ ಆಕ್ಸೈಡಿನಂತೆಯೇ ಎರಡು ಕಚ್ಚುಗಳಾದುದರಿಂದ, ಹಿಂದಿನ ದಿನದ ಪ್ರಶ್ನೆಗೆ ಉತ್ತರವನ್ನು ನಾವೇ ಕೂಗಿ ಹೇಳಿದೆವು.

ಸೂತ್ರವನ್ನು ಬರೆಯುವಾಗ ಧನ ಅಯಾನನ್ನು ಮೊದಲು ಬರೆಯಬೇಕೆಂಬುದೂ, ಸಂಖ್ಯೆಗಳನ್ನು ಅಕ್ಷರದ ಕೆಳಬದಿಗೆ ಚಿಕ್ಕದಾಗಿ ಇಡಬೇಕೆಂಬುದೂ, ಒಂದು ಎಂಬ ಅಂಕೆಯನ್ನು ಬರೆಯುವ ವಾಡಿಕೆಯಿಲ್ಲವೆಂಬುದೂ ಆಮೇಲಿನ ಮಾತುಗಳು. ಮೂಲವಸ್ತುಗಳನ್ನು ಲ್ಯಾಟಿನ್ ಹೆಸರುಗಳ ಮೊದಲಕ್ಷರಗಳಿಂದ ಗುರುತಿಸುವ ಈ ಪದ್ಧತಿಯನ್ನು ಸ್ವೀಡನ್ನಿನ ಬರ್ಜೀಲಿಯಸ್ ಎಂಬ ಮಹಾನುಭಾವನು 1813–14ರ ಸುಮಾರಿಗೆ ಪ್ರಚಾರಕ್ಕೆ ತಂದನೆಂದೂ, ಅವನು ಸಂಖ್ಯೆಗಳನ್ನು ಅಕ್ಷರದ ಮೇಲ್ಬದಿಗೆ ಇಡುತ್ತಿದ್ದನೆಂದೂ, ಅವು ಕೆಳಕ್ಕಿಳಿದುದು ತರುವಾಯದ ಕಾಲದಲ್ಲೆಂದೂ ಮೇಷ್ಟರು ಪ್ರಾಸಂಗಿಕವಾಗಿ ಹೇಳಿದ್ದು ನೆನಪಿದೆ. ಆದರೆ ಅವರ ಆಸಕ್ತಿಯೆಲ್ಲ ಇದ್ದುದು ಸಮತ್ವದಲ್ಲಿ. ಸೂತ್ರವನ್ನು ಬರೆದು ಮುಗಿಸಿದ ಪ್ರತಿಯೊಬ್ಬ ಹುಡುಗನೂ ಪಕ್ಕದಲ್ಲಿ ಒಂದು ಸಣ್ಣ ಕೂಡಿಕೆಯನ್ನು ಮಾಡಿ, ಮೊತ್ತ ಸೊನ್ನೆಯೆಂದು ತೋರಿಸಿದ ಹೊರತು ಅವರು ಗುರುತು ಹಾಕುತ್ತಿರಲಿಲ್ಲ. ಉತ್ತರವು ಸರಿಯೋ ತಪ್ಪೋ ಎಂದು ಗುರುವಿನ ಮುಖವನ್ನು ನೋಡದೆ, ಶಿಷ್ಯನು ತಾನೇ ನಿರ್ಣಯಿಸಿಕೊಳ್ಳಬಹುದಾದ ವಿದ್ಯೆ ಅದು. ಶಾಲೆಯಲ್ಲಿ ಅಂಥ ಸ್ವಾತಂತ್ರ್ಯವನ್ನು ಕೊಡುವ ವಿಷಯಗಳು ಹೆಚ್ಚಿಲ್ಲ.

ಸಲ್ಫೇಟು, ನೈಟ್ರೇಟು, ಹೈಡ್ರಾಕ್ಸೈಡು, ಅಮೋನಿಯಂ ಮೊದಲಾದ ಗುಂಪುಗಳಿಗೆ ಬಂದಾಗ ಅವರು ಹಾಳೆಯನ್ನು ಬಿಡಿಬಿಡಿಯಾಗಿ ಕತ್ತರಿಸದೆ, ಇಡಿಯ ಗುಂಪಿಗೆ ಒಂದೇ ದೊಡ್ಡ ತುಂಡನ್ನು ಮಾಡಿಸಿದರು. ಸಲ್ಫೇಟಿನಲ್ಲಿ ಗಂಧಕವೂ ಉಂಟು, ನಾಲ್ಕು ಆಕ್ಸಿಜನ್ ಪರಮಾಣುಗಳೂ ಉಂಟು. ಆದರೆ ಎರಡು ಋಣಾವೇಶಗಳು ಆ ಸಮುದಾಯಕ್ಕೆ ಸೇರಿದುವೇ ಹೊರತು ಬಿಡಿ ಪರಮಾಣುವಿಗಲ್ಲ. ಆದ್ದರಿಂದ ಗುಂಪು ಒಂದಕ್ಕಿಂತ ಹೆಚ್ಚು ಬೇಕಾದಲ್ಲಿ ಅದನ್ನು ಆವರಣದಲ್ಲಿಟ್ಟು, ಸಂಖ್ಯೆಯನ್ನು ಆವರಣದ ಹೊರಗೆ ಬರೆಯಬೇಕು. ಸುಣ್ಣದ ನೀರಿನಲ್ಲಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಬರೆಯುವಾಗ ಅನೇಕರು ಆವರಣವನ್ನು ಬಿಟ್ಟು ಕೊನೆಯಲ್ಲಿ ಎರಡನ್ನು ಅಂಟಿಸುತ್ತಿದ್ದರು. ಮೇಷ್ಟರು ಆ ಬರಹವನ್ನು ಅಳಿಸದೆ, ಅದರಲ್ಲಿ ಆಕ್ಸಿಜನ್ ಎಷ್ಟು ಎಣಿಸಿರೆಂದರು. ಒಂದೇ ಇತ್ತು; ಹೈಡ್ರೋಜನ್ ಮಾತ್ರ ಎರಡಾಗಿತ್ತು. ಎರಡು ಹೈಡ್ರಾಕ್ಸೈಡುಗಳನ್ನು ಕರೆದು, ಒಂದರ ಆಕ್ಸಿಜನ್ನನ್ನು ಹೊರಗೆ ನಿಲ್ಲಿಸಿದಂತಾಗಿತ್ತು. ಆವರಣವು ಅಲಂಕಾರವಲ್ಲ, ಅರ್ಥವುಳ್ಳ ಚಿಹ್ನೆಯೆಂಬುದು ಹೀಗೆ ಎಣಿಸಿದವನಿಗೆ ಮಾತ್ರ ಮನದಟ್ಟಾಗುವುದು.

ಇದೇ ಸುಣ್ಣವೂ ತಾಮ್ರದ ಸಲ್ಫೇಟಾದ ಮೈಲುತುತ್ತವೂ ನಮ್ಮ ಮನೆಯ ತೋಟದಲ್ಲಿ ಪ್ರತಿವರ್ಷವೂ ಸೇರುತ್ತಿದ್ದುವೆಂಬುದು ನನ್ನ ಕಲಿಕೆಗೆ ದೊರೆತ ದೊಡ್ಡ ಸಹಾಯ. ಮಲೆನಾಡಿನ ಅಡಿಕೆಯ ಬೆಳೆಗಾರನಿಗೆ ಮುಂಗಾರಿನ ಮಳೆಯೆಂದರೆ ಕೊಳೆರೋಗದ ಭಯ. ಎಳೆಯ ಕಾಯಿಗಳು ಕೊಳೆತು ಮರದ ಬುಡದಲ್ಲಿ ಉದುರಿ ಬೀಳುವುದನ್ನು ಕಂಡವರಿಗೆ ಆ ಭಯದ ಸ್ವರೂಪ ತಿಳಿದೀತು. ಹಿಂದಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ, ಮಳೆಯ ನೀರು ತಾಗದಂತೆ ಕಾಯುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಅಭ್ಯಾಸ ಮಾಡಿ, ಅದು ಶಿಲೀಂಧ್ರದಂಥ ಜೀವಿಯಿಂದ ಹುಟ್ಟುವುದೆಂದು ತೋರಿಸಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ಎಂಬಾತನು 1885ರಲ್ಲಿ ಪ್ರಕಟಪಡಿಸಿದ್ದ, ಸುಣ್ಣ ಮೈಲುತುತ್ತಗಳನ್ನು ಬೆರೆಸಿ ಮಾಡುವ ಬೋರ್ಡೋ ದ್ರಾವಣವನ್ನು ಅಡಿಕೆಯ ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಮಲೆನಾಡಿಗೆ ಕಲಿಸಿದರು. ಸಮುದ್ರದಾಚೆಯ ಯಾವುದೋ ದ್ರಾಕ್ಷಿಯ ಬಳ್ಳಿಯನ್ನು ಕಾಪಾಡಿದ ಔಷಧಿಯು ನಮ್ಮ ಅಜ್ಜಂದಿರ ತೋಟವನ್ನು ಉಳಿಸಿತು. ಕೋಲ್ಮನ್ನರ ಉಪಕಾರವನ್ನು ಅಡಿಕೆಯನ್ನು ನಂಬಿ ಬದುಕಿದ ಮನೆಗಳು ಮರೆಯಬಾರದು.

ಮಳೆಗೆ ಮುಂಚೆ, ಆಕಾಶ ಸ್ವಚ್ಛವಾಗಿರುವ ದಿನ ನೋಡಿ, ತೋಟದ ನಡುವೆ ಮರದ ಪೀಪಾಯಿಗಳನ್ನು ಇಡುತ್ತಿದ್ದರು. ಒಂದರಲ್ಲಿ ಮೈಲುತುತ್ತದ ನೀಲಿಯ ನೀರು. ಮತ್ತೊಂದರಲ್ಲಿ ಅರಳಿಸಿ ಸೋಸಿದ ಸುಣ್ಣದ ಹಾಲು. ನೀಲಿಯ ನೀರನ್ನು ಸುಣ್ಣದ ಹಾಲಿಗೆ ನಿಧಾನವಾಗಿ ಹೊಯ್ಯುತ್ತ, ಕೋಲಿನಿಂದ ಕದಡುತ್ತ ಹೋದಂತೆ, ತಿಳಿಯಾದ ಬಾಂದಳದ ಬಣ್ಣದ ಒಂದು ಮಂದವಾದ ದ್ರಾವಣವು ಸಿದ್ಧವಾಗುತ್ತಿತ್ತು. ಅಷ್ಟರಿಂದಲೇ ಅಪ್ಪಯ್ಯನಿಗೆ ಸಮಾಧಾನವಿಲ್ಲ. ಸೊಂಟದಲ್ಲಿದ್ದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಹಿಡಿದು, ಮೇಲಕ್ಕೆತ್ತಿ ಬಿಸಿಲಿಗೆ ತಿರುಗಿಸಿ ನೋಡುವರು. ಅಲಗಿನ ಮೇಲೆ ಕೆಂಪಾದ ಲೇಪ ಕಂಡರೆ, "ಸುಣ್ಣ ಸಾಲ್ಲಿಲ್ಲ ಮಾರಾಯ, ಇನ್ನೊಂದಿಷ್ಟು ಹುಯ್ಯಿ" ಎಂದು ಆಳಿಗೆ ಹೇಳುವರು. ಅಲಗು ಬೆಳ್ಳಗೇ ಇದ್ದರೆ ಔಷಧಿ ಹೊಡೆಯಲು ಅಪ್ಪಣೆ. ಕೆಂಪು ಲೇಪವಿದ್ದ ದ್ರಾವಣವನ್ನು ಹೊಡೆದರೆ ಕಾಯಿ ಸುಡುವುದೆಂಬುದು ಅವರಿಗೆ ಅನುಭವದಿಂದ ತಿಳಿದಿತ್ತು.

ಆ ವರ್ಷ ಪೀಪಾಯಿಯ ಬಳಿ ನಿಂತಾಗ, ಹಲಗೆಯ ಮೇಲಿದ್ದ ಚಿಹ್ನೆಗಳು ನನ್ನ ಕಣ್ಣೆದುರಿಗೆ ಬಂದುವು. ತಾಮ್ರಕ್ಕೆ ಎರಡು ಧನ, ಸಲ್ಫೇಟಿಗೆ ಎರಡು ಋಣ. ಆದುದರಿಂದ ಮೈಲುತುತ್ತದಲ್ಲಿ ಒಂದಕ್ಕೆ ಒಂದು. ಕ್ಯಾಲ್ಸಿಯಂಗೆ ಎರಡು ಧನ, ಹೈಡ್ರಾಕ್ಸೈಡಿಗೆ ಒಂದು ಋಣ. ಆದುದರಿಂದ ಸುಣ್ಣದಲ್ಲಿ ಒಂದಕ್ಕೆ ಎರಡು. ಇವೆರಡೂ ಸೇರಿದಾಗ ತಾಮ್ರವು ಎರಡು ಹೈಡ್ರಾಕ್ಸೈಡುಗಳನ್ನೂ, ಕ್ಯಾಲ್ಸಿಯಂ ಒಂದು ಸಲ್ಫೇಟನ್ನೂ ಕೂಡಿಕೊಳ್ಳುತ್ತವೆ. ಯಾವುದೂ ಮಿಗುವುದಿಲ್ಲ, ಯಾವುದಕ್ಕೂ ಕೊರತೆಯಿಲ್ಲ. ಪೀಪಾಯಿಯಲ್ಲಿ ನಿಜವಾಗಿ ನಡೆಯುವ ವ್ಯಾಪಾರ ಇದಕ್ಕಿಂತ ಜಟಿಲವಾದುದೆಂದೂ, ಆ ನೀಲಿಯ ಗಸಿಯಲ್ಲಿ ತಾಮ್ರದ ಕ್ಷಾರೀಯ ಸಲ್ಫೇಟುಗಳೂ ಇರುತ್ತವೆಂದೂ ಮುಂದೆ ಓದಿ ತಿಳಿದೆ. ಆದರೂ ಆವೇಶಗಳ ಲೆಕ್ಕ ಅಲ್ಲಿಯೂ ಕೆಡುವುದಿಲ್ಲ. ಸುಣ್ಣವು ಸಾಲದೆ ಉಳಿದ ತಾಮ್ರದ ಅಯಾನುಗಳು ಕತ್ತಿಯ ಕಬ್ಬಿಣದಿಂದ ಎರಡು ಎಲೆಕ್ಟ್ರಾನುಗಳನ್ನು ಪಡೆದು ಲೋಹವಾಗಿ ಅಂಟುತ್ತಿದ್ದುವು. ಅವುಗಳ ಸ್ಥಾನಕ್ಕೆ ಕಬ್ಬಿಣವು ಎರಡು ಧನಾವೇಶಗಳನ್ನು ಹೊತ್ತು ನೀರಿಗಿಳಿಯುತ್ತಿತ್ತು. ಸೂತ್ರವನ್ನು ಎಂದೂ ಬರೆಯದ ಅಪ್ಪಯ್ಯನ ಕೈಯಲ್ಲಿ ಆ ಕತ್ತಿಯೇ ಆವೇಶಗಳ ಸಾಕ್ಷಿಯಾಗಿತ್ತು.

ತೂಕದ ವಿಷಯದಲ್ಲಿ ಮಾತ್ರ ನನಗೆ ಒಂದು ಶಂಕೆ ಬಹುಕಾಲ ಉಳಿದಿತ್ತು. ಲೆಕ್ಕ ಮಾಡಿದರೆ, ಒಂದು ಕಿಲೋ ಮೈಲುತುತ್ತಕ್ಕೆ ಶುದ್ಧವಾದ ಸುಟ್ಟ ಸುಣ್ಣವು ಸುಮಾರು 225 ಗ್ರಾಂ ಸಾಕು. ಬೆಳೆಗಾರರಾದರೋ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತಕ್ಕೆ ಒಂದು ಕಿಲೋ ಸುಣ್ಣವನ್ನೇ ಹಾಕುತ್ತಾರೆ. ಗೂಡಿನ ಸುಣ್ಣದಲ್ಲಿ ಕಲ್ಲು ಮಣ್ಣು ಸೇರಿರುವುದರಿಂದಲೂ, ಗಾಳಿಗೆ ಬಿಟ್ಟ ಸುಣ್ಣವು ಶಕ್ತಿಗುಂದುವುದರಿಂದಲೂ, ಸ್ವಲ್ಪ ಹೆಚ್ಚಿದ ಕ್ಷಾರವು ಕಾಯಿಗೆ ರಕ್ಷಣೆಯಾಗುವುದರಿಂದಲೂ ಈ ಅನುಪಾತವು ವಾಡಿಕೆಗೆ ಬಂದಿದೆ. ಸೂತ್ರವು ಕನಿಷ್ಠವನ್ನು ಹೇಳುತ್ತದೆ. ತೋಟವು ಅದಕ್ಕೆ ವಿವೇಕವನ್ನು ಸೇರಿಸುತ್ತದೆ.

ಹಾಗೆಯೇ ಆವೇಶದ ಲೆಕ್ಕಕ್ಕೆ ಮೀರಿದ ಸಂಗತಿಯೊಂದನ್ನು ಮೈಲುತುತ್ತವೇ ನಮಗೆ ತೋರಿಸಿತು. ಮೇಷ್ಟರು ಪ್ರನಾಳದಲ್ಲಿ ಅದರ ಹರಳುಗಳನ್ನು ಕಾಯಿಸಿದಾಗ, ನೀಲಿಯು ಮಾಯವಾಗಿ ಬಿಳಿಯ ಪುಡಿ ಉಳಿಯಿತು. ಒಂದು ಹನಿ ನೀರು ಬಿದ್ದೊಡನೆ ನೀಲಿ ಮರಳಿತು. ಹರಳಿನಲ್ಲಿ ತಾಮ್ರದ ಸಲ್ಫೇಟಿನ ಒಂದೊಂದು ಘಟಕಕ್ಕೂ ಐದು ನೀರಿನ ಅಣುಗಳಿವೆ. ನೀರಿಗೆ ಆವೇಶವಿಲ್ಲವಾದುದರಿಂದ, ಐದು ಎಂಬುದನ್ನು ಧನಋಣಗಳ ಕೂಡಿಕೆಯಿಂದ ಯಾರೂ ಕಂಡುಹಿಡಿಯಲಾರರು, ತೂಗಿಯೇ ಕಾಣಬೇಕು. ಪಟಿಕದಲ್ಲಿ ಪೊಟಾಸಿಯಂನ ಒಂದು, ಅಲ್ಯೂಮಿನಿಯಂನ ಮೂರು, ಒಟ್ಟು ನಾಲ್ಕು ಧನಗಳಿಗೆ ಎರಡು ಸಲ್ಫೇಟುಗಳು ಬೇಕೆಂದು ಸಮತ್ವವು ಹೇಳಬಲ್ಲುದು. ಅದರೊಡನೆ ಹನ್ನೆರಡು ನೀರು ಇವೆಯೆಂದು ಹೇಳಲಾರದು. ಯಾವ ನಿಯಮವು ಎಲ್ಲಿಯವರೆಗೆ ನಡೆಯುವುದೆಂಬುದನ್ನು ನಿಯಮದ ಜೊತೆಯಲ್ಲಿಯೇ ಕಲಿಸಿದುದು ಆ ಮೇಷ್ಟರ ದೊಡ್ಡ ಗುಣ.

ಆವೇಶಗಳು ಸಮವಾಗಲೇಬೇಕೇಕೆ? ಈ ಪ್ರಶ್ನೆಯನ್ನು ಶಾಲೆಯಲ್ಲಿ ಕೇಳಿದವರಿಗೆ, ಪ್ರಕೃತಿಯ ನಿಯಮವೆಂಬ ಉತ್ತರ ದೊರೆಯುತ್ತಿತ್ತು. ನನಗೆ ಅದರ ಬಲ ತಿಳಿದುದು ಕಾಲೇಜಿನಲ್ಲಿ, ಫ್ಯಾರಡೆಯ ಅಂಕೆಯನ್ನು ಕೂಲಂಬನ ನಿಯಮದಲ್ಲಿಟ್ಟು ಲೆಕ್ಕ ಮಾಡಿದ ದಿನ. ಸುಮಾರು 58.5 ಗ್ರಾಂ ಅಡಿಗೆಯ ಉಪ್ಪಿನಲ್ಲಿರುವ ಸೋಡಿಯಂ ಅಯಾನುಗಳ ಒಟ್ಟು ಧನಾವೇಶವು ಸುಮಾರು 96,500 ಕೂಲಂಬ್. ಕ್ಲೋರೈಡಿನ ಋಣಾವೇಶವೂ ಅಷ್ಟೇ. ಈ ಒಂದು ಹಿಡಿ ಉಪ್ಪಿನ ಧನವನ್ನೆಲ್ಲ ಒಂದು ಬಿಂದುವಿನಲ್ಲಿಯೂ, ಋಣವನ್ನೆಲ್ಲ ಒಂದು ಕಿಲೋಮೀಟರ್ ದೂರದ ಮತ್ತೊಂದು ಬಿಂದುವಿನಲ್ಲಿಯೂ ಇಡಲು ಸಾಧ್ಯವಾದರೆ, ಅವು ಒಂದನ್ನೊಂದು ಸುಮಾರು 850 ಕೋಟಿ ಟನ್ನುಗಳ ಭಾರಕ್ಕೆ ಸಮಾನವಾದ ಬಲದಿಂದ ಸೆಳೆಯುತ್ತವೆ. ಉತ್ತರವನ್ನು ಕಂಡು ನಾನು ಲೇಖನಿಯನ್ನು ಕೆಳಗಿಟ್ಟು, ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡಿದೆ, ಅದೇ ಬಂದಿತು. ಒಂದು ಹಲ್ಲು ಹೊರಗುಳಿಯಬಾರದೆಂದು ಹಾಳೆಯ ತುಂಡುಗಳಿಗೆ ವಿಧಿಸಿದ್ದ ನಿಯಮದ ಹಿಂದೆ ಇಂಥ ಪ್ರಚಂಡವಾದ ಶಕ್ತಿಯು ಕಾವಲು ನಿಂತಿದೆ. ಉಪ್ಪು ಕಾದು ಕರಗಿ ದ್ರವವಾಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕಾಗುವುದೂ ಈ ಸೆಳೆತದಿಂದಲೇ.

ಆವೇಶವುಳ್ಳ ಕಣಗಳು ನೀರಿನಲ್ಲಿ ಸ್ವತಂತ್ರವಾಗಿ ಇರುತ್ತವೆಂಬ ವಿಚಾರವನ್ನು ಲೋಕವು ಒಡನೆಯೇ ಒಪ್ಪಲಿಲ್ಲ. ಸ್ವೀಡನ್ನಿನ ಉಪ್ಸಾಲದಲ್ಲಿ 1884ರಲ್ಲಿ ಅರ‍್ಹೇನಿಯಸ್ ಎಂಬ ತರುಣನು ವಿದ್ಯುತ್ತನ್ನು ಹರಿಯಗೊಡುವ ದ್ರಾವಣಗಳನ್ನು ಕುರಿತು ಪ್ರಬಂಧವನ್ನು ಒಪ್ಪಿಸಿದಾಗ, ಪರೀಕ್ಷಕರು ಅದಕ್ಕೆ ಕೆಳಗಿನ ದರ್ಜೆಯನ್ನು ಕೊಟ್ಟರು. ಆ ಕೆಲಸದಿಂದ ಬೆಳೆದ ಅಯಾನೀಕರಣ ಸಿದ್ಧಾಂತಕ್ಕಾಗಿ 1903ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಸೋಡಿಯಂ ನೀರಿಗೆ ಬಿದ್ದರೆ ಉರಿಯುತ್ತದೆ, ಕ್ಲೋರಿನ್ ವಿಷವಾಯು. ಇವೆರಡೂ ಉಪ್ಪಿನ ನೀರಿನಲ್ಲಿ ಬಿಡಿಬಿಡಿಯಾಗಿ ಇರುವುದು ಹೇಗೆಂದು ಹಿರಿಯರು ಕೇಳಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಪರಮಾಣುವಿಗೂ ಅಯಾನಿಗೂ ಆವೇಶವೊಂದರಿಂದ ಎಷ್ಟು ಅಂತರ ಉಂಟಾಗುವುದೆಂಬುದು ಆಗಿನ್ನೂ ಸ್ಪಷ್ಟವಾಗಿರಲಿಲ್ಲ. ನನ್ನ ವಿದ್ಯಾರ್ಥಿಗಳೂ ವರ್ಷವರ್ಷವೂ ಅದೇ ಪ್ರಶ್ನೆಯನ್ನು ಕೇಳುತ್ತಿದ್ದರು. ಕೇಳಿದವನನ್ನು ನಾನು ಮೆಚ್ಚಿಕೊಳ್ಳುತ್ತಿದ್ದೆ.

ಕಬ್ಬಿಣದ ವಿಷಯವನ್ನು ಇಲ್ಲಿ ಹೇಳದೆ ಬಿಡಲಾರೆ. ಏಕೆಂದರೆ ಒಂದೇ ಲೋಹವು ಎರಡು ಆವೇಶಗಳನ್ನು ತಾಳಬಲ್ಲುದೆಂಬುದು ಹುಡುಗರನ್ನು ಬಹಳವಾಗಿ ಕಾಡುವ ಸಂಗತಿ. ನಮ್ಮ ಅಜ್ಜಯ್ಯನು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಹಾಕಿ ಮನೆಯಲ್ಲಿಯೇ ಶಾಯಿಯನ್ನು ಮಾಡುತ್ತಿದ್ದನು. ಬರೆದಾಗ ಮಸಕಾಗಿದ್ದ ಅಕ್ಷರವು ಗಾಳಿಗೆ ಒಣಗಿದಂತೆ ಕಪ್ಪಾಗುತ್ತಿತ್ತು. ಅನ್ನಭೇದಿಯಲ್ಲಿ ಕಬ್ಬಿಣಕ್ಕೆ ಎರಡು ಧನಾವೇಶ. ಸಲ್ಫೇಟಿನೊಡನೆ ಒಂದಕ್ಕೆ ಒಂದು. ಗಾಳಿಯ ಆಕ್ಸಿಜನ್ ಸೋಂಕಿ ಅದು ಇನ್ನೊಂದು ಎಲೆಕ್ಟ್ರಾನನ್ನು ಕಳೆದುಕೊಂಡರೆ ಆವೇಶವು ಮೂರಾಗುತ್ತದೆ; ಕಾಯಿಯ ಒಗರಿನೊಡನೆ ಕಪ್ಪನ್ನು ಕೊಡುವುದು ಈ ಎರಡನೆಯ ಬಗೆಯದು. ಅದಕ್ಕೆ ಸಲ್ಫೇಟನ್ನು ಕೂಡಿಸಬೇಕಾದರೆ ಕಬ್ಬಿಣ ಎರಡು, ಸಲ್ಫೇಟು ಮೂರು. ಲೋಹವೂ ಅದೇ, ಗುಂಪೂ ಅದೇ. ಆವೇಶವೊಂದು ಹೆಚ್ಚಿದುದರಿಂದ ಸೂತ್ರವೂ ಬಣ್ಣವೂ ಗುಣವೂ ಬೇರೆಯಾದುವು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಶಾಲೆಯಿಂದ ನಮ್ಮನ್ನು ಕರೆದುಕೊಂಡು ಹೋಗಿದ್ದಾಗ, ಕೆಮ್ಮಣ್ಣುಗುಂಡಿಯಿಂದ ಬಂದ ಕೆಂಪು ಅದಿರಿನ ಒಂದು ತುಂಡನ್ನು ಮೇಷ್ಟರು ಕೈಯಲ್ಲಿ ಹಿಡಿದು, ಇದರ ಸೂತ್ರವೇನೆಂದು ಕೇಳಿದರು. ಮೂರು ಧನದ ಕಬ್ಬಿಣ, ಎರಡು ಋಣದ ಆಕ್ಸೈಡು. ಕಬ್ಬಿಣ ಎರಡು, ಆಕ್ಸಿಜನ್ ಮೂರು ಎಂದು ಉತ್ತರವು ಬಂದಿತು. ಮತ್ತೊಂದು ಅದಿರುಂಟು, ಕಪ್ಪು, ಅಯಸ್ಕಾಂತಕ್ಕೆ ಅಂಟುವಂಥದು, ಕುದುರೆಮುಖದ ಬೆಟ್ಟಗಳಲ್ಲಿರುವಂಥದು. ಅದನ್ನು ವಿಶ್ಲೇಷಿಸಿದರೆ ಕಬ್ಬಿಣ ಮೂರು, ಆಕ್ಸಿಜನ್ ನಾಲ್ಕು ಬರುತ್ತದೆ, ಹಾಗಾದರೆ ಕಬ್ಬಿಣದ ಆವೇಶವೆಷ್ಟು ಎಂದು ಅವರು ಮುಂದುವರಿಸಿದರು. ನಾಲ್ಕು ಆಕ್ಸೈಡುಗಳಿಗೆ ಎಂಟು ಋಣ. ಮೂರು ಕಬ್ಬಿಣಗಳಿಗೆ ಎಂಟು ಧನವನ್ನು ಸಮನಾಗಿ ಹಂಚಲಾಗದು. ಹಿಂದಿರುಗುವ ರೈಲಿನಲ್ಲೆಲ್ಲ ನಮಗೆ ಇದೇ ಚರ್ಚೆ. ತರೀಕೆರೆಯ ಕಡೆಯ ಹುಡುಗನೊಬ್ಬನು ಕೊನೆಗೆ, "ಸಾರ್, ಎಲ್ಲ ಕಬ್ಬಿಣವೂ ಒಂದೇ ಥರ ಇರಬೇಕೆಂದು ಯಾರು ಹೇಳಿದರು? ಎರಡಕ್ಕೆ ಮೂರು ಮೂರು, ಒಂದಕ್ಕೆ ಎರಡು" ಎಂದನು. ಮ್ಯಾಗ್ನೆಟೈಟಿನ ನಿಜವಾದ ರಚನೆ ಅದೇ. ಪಟ್ಟಿಯನ್ನು ಒಪ್ಪಿಸುವವನಿಂದ ಆ ಉತ್ತರವು ಎಂದಿಗೂ ಬರುತ್ತಿರಲಿಲ್ಲ. ಮೇಷ್ಟರು ಎದ್ದುನಿಂತು ಅವನ ಬೆನ್ನು ತಟ್ಟಿದರು.

ನಾನು ಪಾಠ ಹೇಳಲು ಆರಂಭಿಸಿದ ಮೇಲೆ ಕಂಡುಕೊಂಡ ಮತ್ತೊಂದು ಮಾತು, ಸೂತ್ರವನ್ನು ಬರೆಯಬಲ್ಲವನಿಗೂ ಅದು ಏನನ್ನು ಹೇಳುತ್ತದೆಂಬುದು ಅನೇಕ ವೇಳೆ ತಿಳಿದಿರುವುದಿಲ್ಲ. ಉಪ್ಪಿನ ಸೂತ್ರವನ್ನು ನೋಡಿದವನು, ಒಂದು ಸೋಡಿಯಂ ಒಂದು ಕ್ಲೋರಿನ್ನಿನ ಕೈಹಿಡಿದ ಜೋಡಿಗಳು ಹರಳಿನಲ್ಲಿ ಸಾಲಾಗಿ ಕುಳಿತಿವೆಯೆಂದು ಭಾವಿಸುವುದು ಸಹಜ. ಬ್ರ್ಯಾಗ್ ತಂದೆಮಕ್ಕಳು 1913ರ ಹೊತ್ತಿಗೆ ಎಕ್ಸ್ ಕಿರಣಗಳಿಂದ ಉಪ್ಪಿನ ಹರಳನ್ನು ಪರೀಕ್ಷಿಸಿದಾಗ ಕಂಡುದು ಬೇರೆಯೇ. ಪ್ರತಿಯೊಂದು ಸೋಡಿಯಂ ಸುತ್ತ ಆರು ಕ್ಲೋರೈಡುಗಳು, ಪ್ರತಿಯೊಂದು ಕ್ಲೋರೈಡಿನ ಸುತ್ತ ಆರು ಸೋಡಿಯಂಗಳು. ಇಂಥದು ಇಂಥದರ ಜೋಡಿಯೆಂದು ಹೇಳುವ ಹಾಗೆಯೇ ಇಲ್ಲ. ಉಪ್ಪಿನಲ್ಲಿ ಅಣುವೆಂಬುದೇ ಇಲ್ಲವೆಂಬ ಈ ನಿರ್ಣಯವನ್ನು ಆರ್ಮ್‌ಸ್ಟ್ರಾಂಗ್ ಎಂಬ ವಯೋವೃದ್ಧನಾದ ಆಂಗ್ಲ ರಸಾಯನಜ್ಞನು 1927ರಲ್ಲಿಯೂ ಒಪ್ಪದೆ, 'ನೇಚರ್' ಪತ್ರಿಕೆಯಲ್ಲಿ ಪ್ರತಿಭಟಿಸಿದನು. ಸತ್ಯವು ಬ್ರ್ಯಾಗರ ಪಕ್ಷದಲ್ಲಿತ್ತು. ಅಯಾನಿಕ ವಸ್ತುವಿನ ಸೂತ್ರವು ಅನುಪಾತವನ್ನು ಹೇಳುತ್ತದೆಯೇ ಹೊರತು, ಯಾವುದೋ ಒಂದು ಪ್ರತ್ಯೇಕವಾದ ಕಣವನ್ನಲ್ಲ. ಮೆಗ್ನೀಸಿಯಂ ಆಕ್ಸೈಡನ್ನು ಎರಡಕ್ಕೆ ಎರಡೆಂದು ಬರೆಯದೆ ಒಂದಕ್ಕೆ ಒಂದೆಂದು ಬರೆಯುವುದಕ್ಕೆ ಇದೇ ಆಧಾರ.

ಹಾಗೆಂದು ಸಂಖ್ಯೆಗಳನ್ನು ಕಂಡಕಂಡಲ್ಲಿ ಕಿರಿದುಗೊಳಿಸುವಂತೆಯೂ ಇಲ್ಲ. ಈಚಿನ ತರಗತಿಗಳಲ್ಲಿ, ಎರಡು ಆವೇಶದ ಅಂಕೆಗಳ ನಡುವೆ ಓರೆಗೆರೆಗಳನ್ನು ಎಳೆದು, ಇದರದನ್ನು ಅದಕ್ಕೆ, ಅದರದನ್ನು ಇದಕ್ಕೆ ಅದಲುಬದಲು ಮಾಡಿ, ಭಾಗವಾದರೆ ಭಾಗಿಸಿ ಮುಗಿಸುವ ಉಪಾಯವನ್ನೇ ಮೊದಲು ಕಲಿಸುವುದನ್ನು ನಾನು ಕಂಡಿದ್ದೇನೆ. ಉತ್ತರವು ಬೇಗ ಬರುವುದು ನಿಜ. ಆದರೆ ಆ ಉಪಾಯವನ್ನು ಮಾತ್ರ ಬಲ್ಲವನ ಮುಂದೆ ಕ್ಯಾಲೊಮೆಲ್ ಎಂಬ ಪಾದರಸದ ಕ್ಲೋರೈಡನ್ನು ಇಟ್ಟುನೋಡಿ. ಅದರಲ್ಲಿ ಪಾದರಸ ಎರಡು, ಕ್ಲೋರಿನ್ ಎರಡು. ಅವನು ಒಡನೆಯೇ ಎರಡರಿಂದ ಭಾಗಿಸುತ್ತಾನೆ. ಹಾಗೆ ಭಾಗಿಸಕೂಡದು; ಏಕೆಂದರೆ ಅಲ್ಲಿ ಎರಡು ಪಾದರಸದ ಪರಮಾಣುಗಳು ಒಂದಕ್ಕೊಂದು ಬೆಸೆದುಕೊಂಡು, ಎರಡು ಧನಾವೇಶವುಳ್ಳ ಒಂದೇ ಅಯಾನಾಗಿವೆ. ಒಂದು ಕಾಲಕ್ಕೆ ವೈದ್ಯರು ವಿರೇಚನಕ್ಕೆ ಕೊಡುತ್ತಿದ್ದ ಕ್ಯಾಲೊಮೆಲ್ಲಿಗೂ, ಪಾದರಸ ಒಂದು ಕ್ಲೋರಿನ್ ಎರಡಾದ ಘೋರ ವಿಷಕ್ಕೂ ಇರುವ ಅಂತರವನ್ನು ಬಲ್ಲವರು ಇಂಥಲ್ಲಿ ಎಚ್ಚರಿಕೆ ಬೇಡವೆನ್ನಲಾರರು. ಸೋಡಿಯಂ ಪೆರಾಕ್ಸೈಡಿನಲ್ಲಿಯೂ ಎರಡಕ್ಕೆ ಎರಡೇ. ಎರಡು ಆಕ್ಸಿಜನ್ನುಗಳು ಸೇರಿ ಎರಡು ಋಣವನ್ನು ಹೊತ್ತ ಗುಂಪಾಗಿರುವುದರಿಂದ ಅದನ್ನು ಒಡೆಯುವಂತಿಲ್ಲ. ಅಯಾನು ಯಾವುದೆಂದು ಮೊದಲು ತಿಳಿದವನಿಗೆ ಇವೆಲ್ಲ ಸುಲಭ. ಓರೆಗೆರೆಯನ್ನು ಮಾತ್ರ ಬಲ್ಲವನಿಗೆ ಇವೆಲ್ಲ ಅಪವಾದಗಳಾಗಿ ತೋರಿ, ಮತ್ತೊಂದು ಕಂಠಪಾಠದ ಪಟ್ಟಿಗೆ ಸೇರುತ್ತವೆ.

ನಮ್ಮ ಹಳ್ಳಿಯ ಶಾಲೆಗಳಲ್ಲಿ ಈ ಪಾಠವನ್ನು ಹೇಳುತ್ತಿರುವ ತರುಣ ಉಪಾಧ್ಯಾಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಓರೆಗೆರೆಯ ಉಪಾಯವನ್ನು ಕಲಿಸಬೇಡಿರೆಂದು ನಾನು ಹೇಳುವುದಿಲ್ಲ. ಪರೀಕ್ಷೆಯ ಅವಸರ ನನಗೂ ತಿಳಿದಿದೆ. ಆದರೆ ಅದಕ್ಕೆ ಮುಂಚೆ ನಾಲ್ಕು ದಿನ ಧನಋಣಗಳನ್ನು ಕೂಡಿಸಿ ಸೊನ್ನೆಯನ್ನು ಕಾಣುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಿರಿ. ಅಡಿಕೆಯ ಹಾಳೆಯಾಗಲಿ, ಹಳೆಯ ಲಗ್ನಪತ್ರಿಕೆಯಾಗಲಿ, ಕತ್ತರಿಸಲು ಬರುವ ಯಾವುದನ್ನಾದರೂ ಅವರ ಕೈಗೆ ಕೊಡಿರಿ; ಊರಿನಲ್ಲಿ ಔಷಧಿ ಹೊಡೆಯುವ ಕಾಲ ಬಂದಾಗ ಅವರನ್ನು ಪೀಪಾಯಿಯ ಬಳಿಗೆ ಕರೆದುಕೊಂಡು ಹೋಗಿರಿ; ಪಟ್ಟಿಯಲ್ಲಿಲ್ಲದ ಒಂದು ಸಂಯುಕ್ತವನ್ನು ಪ್ರತಿದಿನವೂ ಕೇಳಿರಿ.